ಕಾವು ತಾಳುವ ಸ್ಟಡ್ಡು, ಕಚ್ಚಿಕೊಳ್ಳದ ನಟ್ಟು

ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಬಾನೆಟ್ಟಿನೊಳಗೆ ಟಿಕ್ ಟಿಕ್ ಸದ್ದು. ಹಲಸೂರು ಬಿಟ್ಟು ಟ್ರಿನಿಟಿ ಸರ್ಕಲ್ ಮುಟ್ಟುವಷ್ಟರಲ್ಲಿ ಅದು ಮಾಯ. ಟ್ಯಾಪೆಟ್ ಇರಬೇಕು ಎಂದು ಬಹಳ ಜನ ಸುಮ್ಮನಾಗುತ್ತಾರೆ. ಎಷ್ಟೋ ಸಲ ಅದು ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಸಿಲಿಂಡರ್ ಹೆಡ್ಡಿಗೆ ಬಿಗಿಯುವ ಸ್ಟಡ್ಡು ಮುರಿದು, ಗ್ಯಾಸ್ಕೆಟ್ ಸಂದಿಯಲ್ಲಿ ಹೊಗೆ ನುಗ್ಗುವ ಸದ್ದು. ಕಾದ ಮೇಲೆ ಲೋಹ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ, ಅಷ್ಟೇ.

400 ಮಿ.ಮೀ. ಉದ್ದದ ಎರಕದ ಮ್ಯಾನಿಫೋಲ್ಡ್‌ನ ಬಿಸಿ 500 ಡಿಗ್ರಿ ಏರಿದರೆ ಅದು 2 ಮಿ.ಮೀ.ಗೂ ಹೆಚ್ಚು ಉದ್ದವಾಗುತ್ತದೆ. ನೀರಿನಿಂದ ತಣ್ಣಗಿರುವ ಸಿಲಿಂಡರ್ ಹೆಡ್ ಅಷ್ಟು ಬೆಳೆಯುವುದಿಲ್ಲ. ಈ ಎಳೆದಾಟದ ಏಟು ಎರಡು ತುದಿಯ ಸ್ಟಡ್ಡುಗಳಿಗೇ ಜಾಸ್ತಿ. ಮೊದಲು ಅಲ್ಲೇ ಟಾರ್ಚ್ ಬಿಟ್ಟು ನೋಡಿ.

ಹೊಸದು ಕೊಳ್ಳುವಾಗ ‘ಹೈ ಟೆನ್ಸೈಲ್ ಕೊಡಿ’ ಎಂದರೆ ಸಾಲದು. 8.8, 10.9 ದರ್ಜೆಯ ಸ್ಟೀಲನ್ನು ಗಟ್ಟಿ ಮಾಡಿದ ಮೇಲೆ ಕನಿಷ್ಠ 425 ಡಿಗ್ರಿಯಲ್ಲಿ ಹದ ಮಾಡಿರುತ್ತಾರೆ. ಆ ಕಾವಿನ ಹತ್ತಿರಕ್ಕೆ ಮತ್ತೆ ಮತ್ತೆ ಹೋದರೆ ಬಲ ಇಳಿಯುತ್ತದೆ, ಸ್ಟಡ್ಡು ನಿಧಾನಕ್ಕೆ ಉದ್ದವಾಗಿ ಬಿಗಿ ಬಿಡುತ್ತದೆ. ಫಳಫಳ ಹೊಳೆಯುವ ಸತುವಿನ ಲೇಪನಕ್ಕೂ ಮರುಳಾಗಬೇಡಿ, ಸತು 419 ಡಿಗ್ರಿಗೇ ಕರಗುತ್ತದೆ. ಸ್ಟೇನ್‌ಲೆಸ್ 304 ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಅದೇ ಸ್ಟೀಲಿನ ನಟ್ಟು ಹಾಕಿದರೆ ಎರಡೂ ಕಚ್ಚಿಕೊಂಡು, ಬಿಚ್ಚುವ ದಿನ ಸ್ಟಡ್ಡೇ ತುಂಡಾಗುತ್ತದೆ. ಬೇಕಾದದ್ದು ಕ್ರೋಮ್-ಮಾಲಿಬ್ಡಿನಮ್ ಸ್ಟೀಲು. ಸ್ಟೀಮ್ ಪೈಪಿನ ಫ್ಲಾಂಜುಗಳಿಗೆ ಬಳಸುವ ಬಿ-7 ದರ್ಜೆ ಅದೇ. ಲೇತ್ ಅಂಗಡಿಗಳಲ್ಲಿ ಇಎನ್-19 ಎಂದರೆ ಅದರ ಹತ್ತಿರದ ಸರಕು ಸಿಗುತ್ತದೆ. ಜೆಟ್ ಎಂಜಿನ್ನಿನ ಇನ್‌ಕೊನೆಲ್ ಸಾಧಾರಣ ಪೆಟ್ರೋಲ್ ಕಾರಿಗೆ ದುಡ್ಡು ದಂಡ.

ನಟ್ಟು ಬೇರೆ ಲೋಹದ್ದಿರಲಿ: ತಾಮ್ರ ಲೇಪಿಸಿದ ಲಾಕ್ ನಟ್ಟು, ಹಳೇ ಗಾಡಿಗಾದರೆ ಉದ್ದನೆಯ ಹಿತ್ತಾಳೆ ನಟ್ಟು. ನೈಲಾನ್ ಬಳೆಯ ನಟ್ಟು ಇಲ್ಲಿ ಕರಗಿಹೋಗುತ್ತದೆ.

ಅಳತೆಯಲ್ಲಿ ಮೋಸಹೋಗುವುದು ಹಳೇ ಗಾಡಿಯವರು. ಅಂಬಾಸಿಡರ್ ಅಂದರೆ ಒಂದೇ ಎಂಜಿನ್ ಅಲ್ಲ. ಬ್ರಿಟಿಷ್ ಮೂಲದ 1489 ಸಿಸಿ ಎಂಜಿನ್ನಿನದು ಇಂಚಿನ ಲೆಕ್ಕ. 1992ರಲ್ಲಿ ಬಂದ ಇಸುಜು 1.8 ಎಂಜಿನ್ನಿನದು ಮೆಟ್ರಿಕ್. ಐದು ಹದಿನಾರಾಂಶ ಇಂಚು ಎಂದರೆ 7.94 ಮಿ.ಮೀ., ಕಣ್ಣಿಗೆ ಎಂ-8 ಇದ್ದಂತೆಯೇ. ಆದರೆ ಥ್ರೆಡ್ಡಿನ ಅಂತರ ಇಂಚಿನ ಸಣ್ಣ ಥ್ರೆಡ್ಡಾದ ಯುಎನ್‌ಎಫ್‌ನಲ್ಲಿ 1.06, ದಪ್ಪ ಥ್ರೆಡ್ಡಾದ ಯುಎನ್‌ಸಿಯಲ್ಲಿ 1.41, ಎಂ-8ರಲ್ಲಿ 1.25 ಮಿ.ಮೀ. ತಪ್ಪು ನಟ್ಟು ಮೊದಲ ಸುತ್ತು ಹತ್ತಿಬಿಡುತ್ತದೆ, ಆಮೇಲೆ ಸ್ಪ್ಯಾನರ್ ಹಾಕಿದವನು ಥ್ರೆಡ್ ಕೀಳುತ್ತಾನೆ. ಎಂ-10 ಆದರೆ ಜಪಾನ್ ಮೂಲದ ಎಂಜಿನ್ನುಗಳಲ್ಲಿ ಹೆಚ್ಚಾಗಿ 1.25, ಯುರೋಪಿನವುಗಳಲ್ಲಿ 1.5. ಈ ಅಂತರ ಅಳೆಯುವ ಪಿಚ್ ಗೇಜ್ ಇಲ್ಲದೆ ಬಿಡಿಭಾಗ ಕೊಳ್ಳಲು ಜೆ.ಸಿ. ರಸ್ತೆಗೆ ಹೋಗಬೇಡಿ, ಹಳೇ ಸ್ಟಡ್ಡನ್ನೂ ಜೇಬಿಗೆ ಹಾಕಿಕೊಳ್ಳಿ.

ಅಂಗಡಿಯಲ್ಲಿ ಸಿಗದಿದ್ದರೆ ಮಾಡಿಸುವುದು ಕಷ್ಟವಲ್ಲ. ಎಂ-8ಕ್ಕೆ ರಾಡನ್ನು 7.85ರಿಂದ 7.9 ಮಿ.ಮೀ.ಗೆ ಇಳಿಸಿ, ಎರಡು ತುದಿಗೂ ಡೈ ಹಾಕಬೇಕು. ಪೂರ್ತಿ 8 ಮಿ.ಮೀ. ಇದ್ದರೆ ಡೈ ಲೋಹವನ್ನು ಹರಿಯುತ್ತದೆ. ಅಲ್ಯೂಮಿನಿಯಂ ಹೆಡ್ಡಿನೊಳಗೆ ಥ್ರೆಡ್ 12ರಿಂದ 16 ಮಿ.ಮೀ. ಕೂರಬೇಕು, ಎರಕದ ಕಬ್ಬಿಣವಾದರೆ 10 ಸಾಕು. ಸ್ಟಡ್ಡಿನ ತುದಿ ರಂಧ್ರದ ತಳಕ್ಕೆ ಗುದ್ದಬಾರದು. ಹೆಡ್ಡಿನ ಥ್ರೆಡ್ ಕಿತ್ತುಹೋಗಿದ್ದರೆ ಹೆಲಿಕಾಯಿಲ್, ಅಂದರೆ ತಂತಿಸುರುಳಿಯ ಹೊಸ ಥ್ರೆಡ್, ಹಾಕಿಸಿ. ಡಬಲ್ ನಟ್ಟು ಹಾಕಿ ಬಲವಂತ ಮಾಡುವ ಮೇಸ್ತ್ರಿಯನ್ನು ತಡೆಯಿರಿ.

ಸ್ಟಡ್ಡನ್ನು ಕೈಬಿಗಿಗೆ ಕೂರಿಸಿ, ನಟ್ಟುಗಳನ್ನು ನಡುವಿನಿಂದ ತುದಿಯತ್ತ ಎರಡು ಮೂರು ಹಂತದಲ್ಲಿ ಬಿಗಿಯಬೇಕು. ಎಂ-8ಕ್ಕೆ 20ರಿಂದ 25 ನ್ಯೂಟನ್ ಮೀಟರ್ ಸಾಮಾನ್ಯ, ಆದರೆ ಮ್ಯಾನುಯಲ್‌ನ ಅಂಕಿಯೇ ಕೊನೆ ಮಾತು. ನಿಕ್ಕಲ್ ಆಂಟಿ-ಸೀಜ್ ಸವರಿದ್ದರೆ ಒಣ ಥ್ರೆಡ್ಡಿನ ಅಂಕಿಯಿಂದ ಕಾಲು ಭಾಗ ಕಡಿಮೆ ಮಾಡಿ. ಜಾರುವ ಥ್ರೆಡ್ಡು ಅದೇ ತಿರುವುಬಲಕ್ಕೆ ಸ್ಟಡ್ಡನ್ನು ಹೆಚ್ಚು ಎಳೆಯುತ್ತದೆ.

ಒಂದು ಸ್ಟಡ್ಡು ಮುರಿದರೂ ಸಾಲಿನ ಎಲ್ಲವನ್ನೂ ಬದಲಿಸಿ. ಅದಕ್ಕೂ ಮೊದಲು ಮ್ಯಾನಿಫೋಲ್ಡಿನ ಮುಖಕ್ಕೆ ನೇರಪಟ್ಟಿ ಇಟ್ಟು ನೋಡಿ: ಅದು ಸೊಟ್ಟಗಿದ್ದರೆ ಎಂಥ ಸ್ಟೀಲಿನ ಸ್ಟಡ್ಡೂ ಬಾಳುವುದಿಲ್ಲ.