ನಿಮಗಿದು ಗೊತ್ತೆ? ಆಕಾಶದ ರೇಡಿಯೋ ಅಲೆಗಳೂ ಋಣ ಘಾತಾಂಕವೂ

ಪುಣೆಯ ವಾಕಡದಲ್ಲಿ ನೆಲಸಿರುವ ಕನ್ನಡ ಮನೆಗಳ ಮಕ್ಕಳು ಋಣ ಘಾತಾಂಕವನ್ನು ಮೊದಲು ಕಂಡಾಗ ಅದು ಪರೀಕ್ಷೆಯ ನಿಮಿತ್ತ ಕಲ್ಪಿತವಾದ ಕ್ಲೇಶವೆಂದು ಭಾವಿಸುವುದು ಸಹಜವಾದರೂ, ಅದೇ ಜಿಲ್ಲೆಯ ನಾರಾಯಣಗಾಂವ್ ಸಮೀಪದ ಖೋಡದದ ಸುತ್ತಮುತ್ತ, ತಲಾ 45 ಮೀಟರ್ ವ್ಯಾಸದ 30 ಆಂಟೆನಾಗಳಿಂದ ಆಕಾಶದ ರೇಡಿಯೋ ಅಲೆಗಳನ್ನು ಗ್ರಹಿಸುವ ಜಿ.ಎಂ.ಆರ್.ಟಿ. ದೂರದರ್ಶಕದ ವಿಜ್ಞಾನಿಗಳಿಗೆ ಅದಿಲ್ಲದೆ ಒಂದು ದಿನವೂ ಸಾಗದು. ಅವರ ಮಾನವಾದ ‘ಜಾನ್ಸ್ಕಿ’ ಎಂದರೆ, ಒಂದು ಚದರ ಮೀಟರಿನ ಮೇಲೆ, ಒಂದು ಹರ್ಟ್ಸ್ ಆವೃತ್ತಿಯ ಹರವಿನಲ್ಲಿ ಬೀಳುವ 10⁻²⁶ ವಾಟ್. ದಶಮಾಂಶ ಬಿಂದುವಿನ ಬಳಿಕ 25 ಸೊನ್ನೆಗಳನ್ನಿಟ್ಟು ಅನಂತರ ಒಂದನ್ನು ಬರೆದಷ್ಟು. ಋಣಚಿಹ್ನೆಯು ಇಲ್ಲಿ ಸಂಖ್ಯೆಯನ್ನು ಋಣವಾಗಿಸದೆ ಅದರ ವ್ಯುತ್ಕ್ರಮವನ್ನಷ್ಟೇ ಸೂಚಿಸುತ್ತದೆ. ಒಂದು ಆಂಟೆನಾದ ಮುಖದ ವಿಸ್ತೀರ್ಣ ಸುಮಾರು 1.6 × 10³ ಚದರ ಮೀಟರ್; ಆವೃತ್ತಿಯ ಹರವನ್ನು 10⁷ ಹರ್ಟ್ಸ್ ಎಂದು ಹಿಡಿದು ಘಾತಾಂಕಗಳನ್ನು ಕೂಡಿದರೆ (−26 + 3 + 7 = −16), ಒಂದು ಜಾನ್ಸ್ಕಿಯ ಆಕರದಿಂದ ಅದರ ಮೇಲೆ ಬೀಳುವ ಶಕ್ತಿ 1.6 × 10⁻¹⁶ ವಾಟ್ ಎಂದು ಕಾಗದವಿಲ್ಲದೆಯೇ ಹೇಳಬಹುದು. ಆರಂಭದ ಬೀಜಗಣಿತಕ್ಕೆ ಇದಕ್ಕಿಂತ ರಮಣೀಯವಾದ ಉದಾಹರಣೆಯನ್ನು ನಾನರಿಯೆ. ಆಕಾಶಗಂಗೆಯಿಂದ ರೇಡಿಯೋ ಅಲೆಗಳು ಬರುತ್ತಿರುವುದನ್ನು 1933ರಲ್ಲಿ ಪ್ರಕಟಪಡಿಸಿದ ಅಮೆರಿಕದ ಕಾರ್ಲ್ ಜಾನ್ಸ್ಕಿಯ ಸ್ಮರಣಾರ್ಥವಾಗಿ ಈ ಮಾನಕ್ಕೆ ಆತನ ಹೆಸರನ್ನಿಡಲಾಗಿದೆ.