ಪರದೆಯ ಮೇಲಿನ ದರ, ಲೆಕ್ಕದೊಳಗಿನ ದರ

ಸಕ್ಕರೆ ಇಳುವರಿ ಇಷ್ಟಾದರೆ ಕಬ್ಬಿಗೆ ದರವೆಷ್ಟು? ಜಮಖಂಡಿ, ಮುಧೋಳ, ಬೀಳಗಿ ಭಾಗದ ಲೆಕ್ಕಪರಿಶೋಧಕರಿಗೆ ಹಂಗಾಮಿನಲ್ಲಿ ಎದುರಾಗುವ ಮೊದಲ ಪ್ರಶ್ನೆಯಿದು. 2025-26ನೇ ಹಂಗಾಮಿಗೆ ಕೇಂದ್ರ ಸರ್ಕಾರವು ಶೇಕಡಾ 10.25ರ ಇಳುವರಿಗೆ ಕ್ವಿಂಟಲ್ ಒಂದಕ್ಕೆ 355 ರೂಪಾಯಿಗಳ ನ್ಯಾಯಯುತ ಮತ್ತು ಲಾಭದಾಯಕ ಬೆಲೆಯನ್ನು ನಿಗದಿಪಡಿಸಿತು. ಅದರ ಮೇಲಿನ ಪ್ರತಿ ಶೇಕಡಾ 0.1ಕ್ಕೆ 3.46 ರೂಪಾಯಿ ಹೆಚ್ಚುವರಿ.

ಬೆಳೆಗಾರರ ಕುಟುಂಬವೊಂದರ ಸಾಲದ ಪ್ರಸ್ತಾವಕ್ಕಾಗಿ ನಮ್ಮ ಕಚೇರಿಯ ಯುವ ಸಹಾಯಕರು ಈ ಲೆಕ್ಕವನ್ನು ಜುಪಿಟರ್ ನೋಟ್‌ಬುಕ್‌ನಲ್ಲಿ ಸಿದ್ಧಪಡಿಸಿದ್ದರು. ಮೇಲಿನ ಕೋಶದಲ್ಲಿ ‘ದರ’ ಎಂಬ ಹೆಸರಿಗೆ 355 ಎಂದು ಬರೆದು, ಅದರ ಕೆಳಗೆ ಇಳುವರಿಯನ್ನು ಬದಲಿಸುವ ಸ್ಲೈಡರ್ ಇಟ್ಟಿದ್ದರು. ಅದನ್ನು 11.25ಕ್ಕೆ ಸರಿಸಿದೊಡನೆ ಪರದೆಯ ಮೇಲೆ 389.60 ಎಂದು ಮೂಡಿತು. ಆದರೆ ಕೊನೆಯ ಕೋಶದಲ್ಲಿ 500 ಟನ್ ಕಬ್ಬಿನ ಮೊತ್ತ 17,75,000 ರೂಪಾಯಿ ಎಂದೇ ಇತ್ತು. ಬರಬೇಕಾದದ್ದು 19,48,000. ಸಹಿಗೆ ಮುನ್ನ ಕೈಲೆಕ್ಕ ಮಾಡುವ ಹಳೆಯ ಅಭ್ಯಾಸ ನನಗಿರದಿದ್ದರೆ, ಆ ಕುಟುಂಬದ ಮರುಪಾವತಿ ಸಾಮರ್ಥ್ಯವು 1,73,000 ರೂಪಾಯಿಗಳಷ್ಟು ಕಡಿಮೆಯಾಗಿ ಬ್ಯಾಂಕನ್ನು ತಲುಪುತ್ತಿತ್ತು.

ಎಕ್ಸೆಲ್‌ಗೆ ಒಗ್ಗಿದ ನಮಗೆ ಇದು ವಿಚಿತ್ರವೆನಿಸುವುದು ಸಹಜ. ಅಲ್ಲಿ ಒಂದು ಮನೆಯ ಅಂಕಿ ಬದಲಾದರೆ ಅದನ್ನು ಅವಲಂಬಿಸಿದ ಮನೆಗಳೆಲ್ಲ ತಾವಾಗಿ ಬದಲಾಗುತ್ತವೆ. ನೋಟ್‌ಬುಕ್‌ನ ರೀತಿಯೇ ಬೇರೆ. ಸ್ಲೈಡರ್ ಸರಿದಾಗ ‘ಇಂಟರ್‌ಆಕ್ಟ್’ ಎಂಬ ಸಾಧನವು ಅದಕ್ಕೆ ಜೋಡಿಸಿದ ಫಂಕ್ಷನ್ ಒಂದನ್ನು ಮಾತ್ರ ಮತ್ತೆ ನಡೆಸುತ್ತದೆ. ಆ ಫಂಕ್ಷನ್ನಿನೊಳಗೆ ಬರೆದ ‘ದರ’ ಅದರೊಳಗೇ ಹುಟ್ಟಿ, ಕೆಲಸ ಮುಗಿದೊಡನೆ ಅಳಿಯುತ್ತದೆ. ಹೊರಗಿನ ‘ದರ’ಕ್ಕೂ ಅದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಮುಧೋಳ ಶಾಖೆಯ ಕಿರ್ದಿಯಲ್ಲಿ ಬರೆದ ಸಾದಿಲ್ವಾರು ಖರ್ಚು, ಜಮಖಂಡಿಯ ಪ್ರಧಾನ ಕಚೇರಿಯ ಅದೇ ಹೆಸರಿನ ಖಾತೆಗೆ ತಾನಾಗಿ ಏರುವುದೇ? ಯಾರಾದರೂ ಖತಾವಣಿ ಮಾಡಬೇಕು.

‘ಗ್ಲೋಬಲ್’ ಎಂದು ಘೋಷಿಸಿದರಾಯಿತೆಂದು ಸಹಾಯಕರು ವಾದಿಸಿದರು. ಹಾಗೆ ಮಾಡಿದರೆ ಹೊರಗಿನ ಹೆಸರು ಬದಲಾಗುವುದು ನಿಜ. ಆದರೂ ಕೆಳಗಿನ ಕೋಶವನ್ನು ಪುನಃ ನಡೆಸುವವರೆಗೆ ಹಳೆಯ ಮೊತ್ತವೇ ಕಾಣುತ್ತಿರುತ್ತದೆ. ಎಲ್ಲ ಕೋಶಗಳನ್ನೂ ಒಟ್ಟಿಗೆ ನಡೆಸಿದರೋ, ಸ್ಲೈಡರ್ ಹೊಸದಾಗಿ ರಚನೆಗೊಂಡು ಆರಂಭದ ಸ್ಥಾನಕ್ಕೆ ಮರಳುತ್ತದೆ! ಮೇಲಾಗಿ, ಅದೇ ನೋಟ್‌ಬುಕ್‌ನಲ್ಲಿ ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರ ನೂಲಿನ ಲೆಕ್ಕಕ್ಕೂ ‘ದರ’ ಎಂಬ ಹೆಸರನ್ನೇ ಬಳಸಿದ್ದರು. ಕಬ್ಬಿನ ದರ ನೂಲಿಗೆ ಅಂಟಲು ಇಷ್ಟೇ ಸಾಕು.

ಕೊನೆಗೆ ಇಳುವರಿ, ತೂಕ ಎರಡನ್ನೂ ಒಂದೇ ಫಂಕ್ಷನ್ನಿಗೆ ಒಪ್ಪಿಸಿ, ದರ ಮತ್ತು ಮೊತ್ತ ಎರಡೂ ಅದರೊಳಗೇ ಸಿದ್ಧವಾಗಿ ಒಟ್ಟಿಗೆ ಪರದೆಗೆ ಬರುವಂತೆ ತಿದ್ದಿದೆವು. ಮುದ್ರಿಸುವ ಹಾಳೆಯಲ್ಲಿ ಯಾವ ಇಳುವರಿಗೆ ಈ ಮೊತ್ತ ಎಂಬುದೂ ಅಚ್ಚಾಗುತ್ತದೆ. ನೂಲಿನ ಲೆಕ್ಕಕ್ಕೆ ಪ್ರತ್ಯೇಕ ನೋಟ್‌ಬುಕ್ ತೆರೆದದ್ದಾಯಿತು. ಕೈಲೆಕ್ಕವನ್ನು ಮಾತ್ರ ನಾನು ಬಿಟ್ಟಿಲ್ಲ.