ಹೊಸ ದೀಪವೂ ಹಳೆಯ ತಂತಿಯೂ

ಮುಚ್ಚಂಜೆಗೆ ದೇವರ ಮುಂದೆ ದೀಪ ಹಚ್ಚಿ, ತಲೆಬಾಗಿಲಲ್ಲಿ ಬೆಳಕು ಮಾಡಿದ ಮೇಲೆಯೇ ಮನೆಯ ಉಳಿದ ಕೆಲಸಗಳು ನಮ್ಮಲ್ಲಿ ಮುಂದೆ ಸಾಗುವವು. ಹಣತೆಯ ಕಾಲದಲ್ಲಿ ಗೃಹಿಣಿಯು ಎಣ್ಣೆ ಬತ್ತಿಗಳನ್ನು ದಿನವೂ ನೋಡಿಕೊಳ್ಳುತ್ತಿದ್ದಳು; ಕಂದೀಲಿನ ಕಾಲದಲ್ಲಿ ಗಾಜನ್ನು ಬೂದಿಯಿಂದ ತಿಕ್ಕಿ ಒರೆಸುತ್ತಿದ್ದಳು. ವಿದ್ಯುದ್ದೀಪ ಬಂದಂದಿನಿಂದ ಆ ದಿನನಿತ್ಯದ ಲಕ್ಷ್ಯವು ತಪ್ಪಿಹೋಯಿತು. ಗುಂಡಿಯನ್ನೊತ್ತಿದರೆ ಬೆಳಕು, ಬಲ್ಬು ಸುಟ್ಟರೆ ಅಂಗಡಿಯಿಂದ ಇನ್ನೊಂದು. ಅದರ ಹಿಂದಿರುವ ತಂತಿಯು ಯಾವ ಸ್ಥಿತಿಯಲ್ಲಿದೆಯೆಂದು ನೋಡುವವರು ವಿರಳ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳ ಭಾಗವು 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ವಿದ್ಯುತ್ತಿಗೆ ಇದು ಪರಕೀಯ ನಾಡಲ್ಲ. ತುಂಗಭದ್ರೆಯ ಎಡದಂಡೆಗೆ ಮುನಿರಾಬಾದಿನಲ್ಲಿ 28 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವಿರುವದು. ಕುಷ್ಟಗಿ, ಯಲಬುರ್ಗಾಗಳ ಬಯಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿರುವವು. ಆದರೆ ಇಲ್ಲಿಯ ಹಳೆಯ ಮನೆಗಳು ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳು. ಜಂತಿಗಳಿಗೆ ಹೊಡೆದ ಕಟ್ಟಿಗೆಯ ಪಟ್ಟಿಯ ಮೇಲೆ ತಂತಿ ಓಡಿರುವದು. ಮಳೆಗಾಲದಲ್ಲಿ ಮಾಳಿಗೆ ಸೋರಿದರೆ ಆ ನೀರು ಮೊದಲು ಮುಟ್ಟುವದು ಈ ತಂತಿಯನ್ನೇ. ಇಂಥ ಮನೆಯಲ್ಲಿ ದೀಪ ಬದಲಿಸುವವರು ತಂತಿಯನ್ನು ಮರೆಯಲಾಗದು.

ದೀಪ ಬದಲಿಸುವದರಿಂದ ಲಾಭವೇನೋ ನಿಶ್ಚಯವಾಗಿಯೂ ಇದೆ. 60 ವಾಟಿನ ಹಳೆಯ ಬಲ್ಬು ದಿನಕ್ಕೆ 5 ತಾಸು ಉರಿದರೆ 30 ದಿನಕ್ಕೆ 9 ಯುನಿಟ್ ವೆಚ್ಚವಾಗುವದು. ಸುಮಾರು ಅಷ್ಟೇ ಬೆಳಕು ಕೊಡುವ 9 ವಾಟಿನ ಎಲ್‌ಇಡಿ ಬಲ್ಬಿಗೆ ಒಂದೂವರೆ ಯುನಿಟ್ ಕೂಡ ಬೇಡ. ಕೇಂದ್ರ ಸರಕಾರವು 2015ರಲ್ಲಿ ಉಜಾಲಾ ಯೋಜನೆಯ ಮೂಲಕ ಇವನ್ನು ಅಗ್ಗದ ದರದಲ್ಲಿ ಹಂಚತೊಡಗಿದ ಮೇಲೆ ಹಳ್ಳಿಹಳ್ಳಿಗೂ ಇವು ತಲುಪಿದವು. 2023ರಲ್ಲಿ ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆ ಬಂದಿತು. ಇನ್ನು ಉಳಿತಾಯವೇಕೆಂದು ಕೆಲವರು ಕೇಳಬಹುದು. ಆದರೆ ಆ ಉಚಿತ ವಿದ್ಯುತ್ತಿನ ಮಿತಿಯನ್ನು ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲಿಂದ ಕಟ್ಟಿರುವರು. 200 ಯುನಿಟ್ ಎಂಬದು ಅದರ ಪರಮಾವಧಿ. ದೀಪದಲ್ಲಿ ಉಳಿದದ್ದು ಫ್ಯಾನಿಗೋ ಮಿಕ್ಸರಿಗೋ ಒದಗುವದು.

ಈಗ ಮುಖ್ಯ ಮಾತಿಗೆ ಬರೋಣ. ದೀಪಕ್ಕೆ ಎರಡು ತಂತಿಗಳು ಬೇಕು. ಒಂದು ಫೇಸ್, ಇದರಲ್ಲಿ 230 ವೋಲ್ಟಿನ ಒತ್ತಡವಿರುವದು. ಇನ್ನೊಂದು ನ್ಯೂಟ್ರಲ್, ಇದು ಪ್ರವಾಹದ ಮರುದಾರಿ. ಸ್ವಿಚ್ಚನ್ನು ಫೇಸ್ ತಂತಿಯ ನಡುವೆಯೇ ಕೂಡಿಸಬೇಕು. ಅವಸರದ ಕೆಲಸಗಾರನು ಅದನ್ನು ನ್ಯೂಟ್ರಲಿನ ನಡುವೆ ಕೂಡಿಸಿದರೂ ದೀಪವು ಹತ್ತುವದು, ಆರುವದು. ಮನೆಯವರಿಗೆ ಭೇದ ತಿಳಿಯದು. ಆದರೆ ದೀಪ ಆರಿದಾಗಲೂ ಹೋಲ್ಡರಿನಲ್ಲಿ ಫೇಸ್ ಜೀವಂತವಾಗಿಯೇ ಇರುವದು. ಗೋಡೆಯ ಸ್ವಿಚ್ಚನ್ನು ನಂಬಿ, ತೇವದ ನೆಲದ ಮೇಲೆ ಕಬ್ಬಿಣದ ಸ್ಟೂಲನ್ನಿಟ್ಟು, ಬರಿಗಾಲಿನಲ್ಲಿ ಹತ್ತಿ ಹೋಲ್ಡರು ಬಿಚ್ಚಿದವನ ಪ್ರಾಣಕ್ಕೆ ಇದರಿಂದಲೇ ಕುತ್ತು. ದೀಪ ಆರಿತೆಂದರೆ ಪ್ರವಾಹ ನಿಂತಿತೆಂದು ಎಂದಿಗೂ ತಿಳಿಯಬಾರದು.

ವಿಚಿತ್ರವೆಂದರೆ, ಹೊಸ ಎಲ್‌ಇಡಿ ದೀಪವು ಈ ಹಳೆಯ ತಪ್ಪನ್ನು ತಾನಾಗಿ ತೋರಿಸಿಕೊಡುವದುಂಟು. ಸ್ವಿಚ್ಚನ್ನು ಆರಿಸಿದ ಮೇಲೂ ಕತ್ತಲೆಯಲ್ಲಿ ಬಲ್ಬು ಮಿಣುಮಿಣುಕೆಂದರೆ ಸ್ವಿಚ್ಚು ನ್ಯೂಟ್ರಲಿನಲ್ಲಿರಬಹುದು. ಸ್ವಿಚ್ಚಿನಲ್ಲಿ ಚಿಕ್ಕ ಸೂಚಕ ದೀಪವಿದ್ದರೂ ಹೀಗಾಗುವದುಂಟು. ಏನೇ ಆಗಲಿ, ಬಲ್ಬನ್ನು ದೂರದೆ ವೈರಮನ್‌ನನ್ನು ಕರೆಸಿ ತೋರಿಸುವದು ಲೇಸು.

ಆದುದರಿಂದ ಕ್ರಮವು ಹೀಗಿರಲಿ. ಹಗಲಿನಲ್ಲಿಯೇ ಕೆಲಸಕ್ಕೆ ತೊಡಗಬೇಕು. ಮೊದಲು ಮೇನ್ ಸ್ವಿಚ್ಚನ್ನು ಇಳಿಸಿ, ಅದರ ಹತ್ತಿರ ಒಬ್ಬ ದೊಡ್ಡವರನ್ನು ನಿಲ್ಲಿಸಬೇಕು. ಮೇನ್ ಇಳಿಸುವ ಮೊದಲು ಟೆಸ್ಟರನ್ನು ಪ್ರವಾಹವಿರುವ ಕಡೆಗೆ ಹಿಡಿದು, ಅದು ಸರಿಯಾಗಿ ಹೊತ್ತುವದೋ ಎಂದು ನೋಡಬೇಕು. ಇಳಿಸಿದ ಬಳಿಕ ಹೋಲ್ಡರಿನ ಎರಡೂ ಕಡೆಗೆ ಹಿಡಿಯಬೇಕು. ಕೆಟ್ಟ ಟೆಸ್ಟರು ಸುಳ್ಳು ಧೈರ್ಯ ಕೊಡುವದು. ಇನ್ವರ್ಟರ್ ಇದ್ದ ಮನೆಯಲ್ಲಿ ಅದನ್ನೂ ಆರಿಸಬೇಕು. ಒಣಗಿದ ಕಟ್ಟಿಗೆಯ ಏಣಿ, ಕಾಲಲ್ಲಿ ರಬ್ಬರಿನ ಚಪ್ಪಲಿ ಇರಲಿ. ಬಿಚ್ಚಿದ ತಂತಿಯ ಮೈಹೊದಿಕೆ ಪುಡಿಪುಡಿಯಾಗಿ ಉದುರಿದರೆ ಅಲ್ಲಿಗೇ ಕೈ ನಿಲ್ಲಿಸಿ. ಮುಂದಿನದು ಪರವಾನಗಿಯುಳ್ಳ ವೈರಮನ್‌ನ ಕೆಲಸ. ಅವನು ಬಂದಾಗ ಅರ್ಥಿಂಗ್ ಪರೀಕ್ಷೆ ಮಾಡಿಸಿರಿ. 30 ಮಿಲಿಆಂಪಿಯರ್ ಸೋರಿದೊಡನೆ ಪ್ರವಾಹವನ್ನು ತಾನೇ ಕಡಿಯುವ ಆರ್‌ಸಿಸಿಬಿಯನ್ನೂ ಕೂಡಿಸಿಕೊಳ್ಳಿರಿ. ಹತ್ತಾರು ಬಲ್ಬುಗಳಿಗಿಂತ ಅದೊಂದೇ ಹೆಚ್ಚಿನ ಸುಧಾರಣೆ.

ಹಳೆಯ ಟ್ಯೂಬ್‌ಲೈಟಿನ ಪಟ್ಟಿಯಲ್ಲಿಯೇ ಎಲ್‌ಇಡಿ ಕೊಳವೆ ಕೂಡಿಸುವದಕ್ಕಿಂತ ಚೋಕು, ಸ್ಟಾರ್ಟರುಗಳನ್ನೊಳಗೊಂಡ ಆ ಪಟ್ಟಿಯನ್ನೇ ತೆಗೆದು ಹೊಸದನ್ನು ಹಾಕುವದು ಮೇಲು. ತೆಗೆದ ಕೊಳವೆಯನ್ನು ಒಡೆಯಬಾರದು, ಅದರಲ್ಲಿ ಪಾದರಸವಿರುವದು. ಮಕ್ಕಳ ಕೈಗೆ ಅದು ಸಿಗಬಾರದು.

ಯಾವ ದೀಪ ಎಲ್ಲಿಗೆಂಬದನ್ನೂ ಸ್ವಲ್ಪ ಯೋಚಿಸಬೇಕು. ಅಡಿಗೆಮನೆಯಲ್ಲಿ ಬೆಳಕು ಬೆನ್ನ ಹಿಂದೆ ಇದ್ದರೆ ಹೆಚ್ಚುವ ಈಳಿಗೆಯ ಮೇಲೆ ನಮ್ಮ ನೆರಳೇ ಬೀಳುವದು. ದೀಪವು ಮುಂದುಗಡೆ ಇರಲಿ. ಓದುವ ಹುಡುಗನಿಗೆ ಬೆಳಕು ಎಡಗಡೆಯಿಂದ ಬರಲಿ. ಗಂಗಾವತಿಯ ಗದ್ದೆಯ ಸೀಮೆಯಲ್ಲಿ ಸಂಜೆಯ ಹುಳಗಳು ಬಿಳಿ ಬೆಳಕಿಗೆ ಮುತ್ತುವವು. ಬಾಗಿಲಿಗೆ ಹಳದಿ ಬೆಳಕಿನ ಬಲ್ಬು ಹಾಕಿದರೆ ಕಾಟವು ಕಡಿಮೆಯಾಗುವದು. ಎಲ್‌ಇಡಿಗೆ ಸೆಕೆಯು ವೈರಿ. ನಮ್ಮ ಕಡೆಯ ಬೇಸಗೆಯಲ್ಲಿ ಗಾಳಿಯಾಡದ ಗಾಜಿನ ಬುಡ್ಡಿಯೊಳಗೆ ಅದನ್ನು ಮುಚ್ಚಿಟ್ಟರೆ ಬೇಗನೆ ಕೆಡುವದು.

ಮೀಟರಿನವರೆಗಿನ ದೋಷಕ್ಕೆ ವಿದ್ಯುತ್ ಕಂಪನಿಯನ್ನು 1912 ಎಂಬ ಸಂಖ್ಯೆಯಲ್ಲಿ ಕರೆಯಬಹುದು. ಮೀಟರಿನಿಂದ ಈಚೆಯ ತಂತಿ ಮಾತ್ರ ಗೃಹಸ್ಥನ ಹೊಣೆ. ಹಿಂದಿನವರು ಬತ್ತಿ ನೋಡಿ ದೀಪ ಹಚ್ಚುತ್ತಿದ್ದರು. ನಾವು ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುನ್ನ, ತಂತಿಯನ್ನು ನೋಡಿಸೋಣ. ದೀಪಾವಳಿಗೆ ಹೊಸ ಬೆಳಕು ತರಲು ಆಗ ಅಂಜಿಕೆಯಿರದು.